ಅಟ್ಟೆ ಲೆಕ್ಕ

ಶಂಕರಪುರದ ಕಟ್ಟೆಗೆ ಮಲ್ಲಿಗೆಯ ದರ ಬರುವ ಹೊತ್ತಿಗೆ ಸರಿಯಾಗಿ
ನನ್ನ ಕಂಪ್ಯೂಟರು ಬಾಯಿ ಹೊಲಿದುಕೊಂಡಿತು.
ಪರದೆ ತುಂಬ ಕೆಂಪು. ಒಂದೇ ಮಾತು: ದುಡ್ಡು ಕೊಡು.

ಮೂರು ವರ್ಷದ ಹಿಂದೆ ಕಾಪುವಿನ ಹುಡುಗನೊಬ್ಬ
ಪೆನ್‌ಡ್ರೈವಿನಲ್ಲಿ ತಂದು ಹಾಕಿಕೊಟ್ಟದ್ದು.
ಲೈಸೆನ್ಸು? ಅಂದೆ. ನಕ್ಕ. ನಾನೂ ನಕ್ಕೆ.
ಇನ್ನೂರು ರೂಪಾಯಿ, ಮೇಲೊಂದು ಪ್ಲೇಟು ಗೋಳಿಬಜೆ.

ಆ ನಾನೇ
ಚೆಂಡಿಗೆ ಎಂಟುನೂರು ಮೊಗ್ಗಿಲ್ಲದಿದ್ದರೆ
ಬೆರಳಲ್ಲೇ ತಿಳಿದು ವಾಪಸು ಕೊಡುವವನು,
ನಿನ್ನೆಯ ಹೂ ನಡುವೆ ಸೇರಿಸಿದವರನ್ನು
ಎಲ್ಲರೆದುರು ಗದರಿದವನು.

ಬೆನೆಡಿಕ್ಟಾಬಾಯಿ ಪರದೆಯತ್ತ ನೋಡಲೇ ಇಲ್ಲ.
"ಈ ವಾರ ನನ್ನದು ಹದಿನೇಳು ಅಟ್ಟೆ, ಎರಡು ಚೆಂಡು"
ಅನ್ನುತ್ತ ಬಾಳೆನಾರೊಂದನ್ನು ಮೇಜಿನ ಮೇಲಿಟ್ಟರು.
ಅಟ್ಟೆಗೊಂದು ಗಂಟು, ತುದಿಯಲ್ಲಿ ಎರಡು ಸಣ್ಣವು.

ಎಣಿಸಿದೆ. ಕೊಟ್ಟೆ.
ಉಳಿದವರಿಗೆಲ್ಲ ಅವರವರ ಮಾತಿನ ಮೇಲೆ.
ಗಿರಿಜಾ ಪೂಜಾರ್ತಿ ನನ್ನ ಮುಖ ನೋಡಿ
ಒಂದು ಅಟ್ಟೆ ಕಡಿಮೆಯೇ ಹೇಳಿದರೋ ಏನೋ,
ತಾಳೆ ನೋಡಲು ನನ್ನಲ್ಲೇನಿದೆ?

ಸಂಜೆ ಉಡುಪಿಗೆ ಹೋಗಿ ಅಸಲಿಯದನ್ನೇ ಕೊಂಡೆ.
ಅಂದಿನ ದರದಲ್ಲಿ ಹನ್ನೊಂದು ಅಟ್ಟೆ.
ರಶೀದಿಯನ್ನು ಗೋಡೆಗೆ ಅಂಟಿಸಿದ್ದೇನೆ, ಯಾರೂ ಓದುವುದಿಲ್ಲ.

ಆ ನಾರು ಈಗಲೂ ಕೀಬೋರ್ಡಿನ ಪಕ್ಕ.
ಒಣಗಿದೆ.
ಒಂದು ಗಂಟೂ ಬಿಚ್ಚಿಕೊಂಡಿಲ್ಲ.