ಹನ್ನೆರಡೂವರೆ ಮನೆ

ಚಿಕ್ಕಮಗಳೂರಿನ ದೊಡ್ಡಾಸ್ಪತ್ರೆ. ಇಸಿಜಿ ರೂಮಿನ
ಫ್ಯಾನು ಆರಿಸಿ ಫಿಲೋಮಿನಾ ಸಿಸ್ಟರು
ಎದೆಗೆ ತಣ್ಣನೆಯದೇನೋ ಮೆತ್ತಿ
ಆರು ಬಟ್ಟಲು ಅಂಟಿಸಿದರು.
"ಬಳೆ ತೆಗಿಯಮ್ಮ. ಅಲ್ಲಾಡಬೇಡ.
ಏನೂ ಯೋಚನೆ ಮಾಡಬೇಡ."

ಯೋಚನೆ ಮಾಡದಿರಲೆಂದೇ ತಾನೇ
ಒಂದು ವರ್ಷದಿಂದ ರಾತ್ರಿಗೊಂದು ಮಾತ್ರೆ.

ಕಾಗದ ಹೊರಬಂತು, ತಿಳಿಗುಲಾಬಿ,
ನಮ್ಮ ಕ್ಯೂರಿಂಗ್ ವರ್ಕ್ಸಿನ ಗೇಟ್‌ಪಾಸಿನ ಬಣ್ಣ.
ಡಾಕ್ಟರ್ ಶಾಹೀನ್ ಪೆನ್ನಿನ ತುದಿಯಲ್ಲಿ
ಚೌಕಾಬಾರದ ಕಾಯಿ ನಡೆಸುವ ಹಾಗೆ
ಒಂದೊಂದೇ ಮನೆ ಎಣಿಸಿದರು.
ಗೆರೆ ಮುಳ್ಳಿನಂತೆ ಎದ್ದು, ಬಿದ್ದು,
ಒಂದು ದಿಬ್ಬ ಹತ್ತಿ ಇಳಿಯುವವರೆಗೆ
ಹನ್ನೆರಡೂವರೆ.
ಇನ್ನೊಮ್ಮೆ ಎಣಿಸಿದರು. ಹನ್ನೆರಡೂವರೆ.

"ಹೆಂಗಸರಿಗೆ ಹನ್ನೊಂದೂವರೆ ದಾಟಬಾರದು."
"ದಾಟಿದರೆ?"
"ಮುಂದಿನ ಬಡಿತಕ್ಕೆ ಸಿದ್ಧವಾಗೋಕೆ
ನಿಮ್ಮ ಹೃದಯ ತಡ ಮಾಡ್ತಿದೆ.
ಆ ಹೊತ್ತಲ್ಲಿ ಅಡ್ಡಬಡಿತ ಒಂದು ನುಗ್ಗಿತೋ,
ತಾಳ ಕೆಡಬಹುದು. ಏನೇನು ನುಂಗ್ತಿದ್ದೀರಿ?"

ಕರ್ಚೀಫಿನ ಗಂಟು ಬಿಚ್ಚಿ ತೋರಿಸಿದೆ.
ಏಳು ಖಾಲಿ ಗುಳಿ, ಮೂರು ತುಂಬಿದವು.
ಕೆಮ್ಮಿಗೆಂದು ಮೆಡಿಕಲ್ಲಿನವನು ಕೊಟ್ಟ
ಕೆಂಪು ಕ್ಯಾಪ್ಸೂಲೂ ಇತ್ತು. ಅದನ್ನು ನೋಡಿ
"ಓ, ಇಬ್ಬರೂ ಸೇರಿ ಎಳೆದಿದ್ದಾರೆ" ಅಂದರು.

ಆ ಮಾತ್ರೆಯ ಮೇಲೆ ದೂರು ಹೇಳಲಾರೆ.
ಹೋದ ಯುಗಾದಿಯ ಹೊತ್ತಿಗೆ
ಬೇವೂ ಒಂದೇ, ಬೆಲ್ಲವೂ ಒಂದೇ ಆಗಿತ್ತು ನಾಲಿಗೆಗೆ.
ಎಲ್ಲರೂ ಕಾರಣ ಕೇಳಿದರು.
ಗಂಡ ಕುಡೀತಾನಾ? ಅತ್ತೆ ಬೈತಾಳಾ?
ಗಂಡ ಟೀ ಕೂಡ ಕುಡಿಯುವವನಲ್ಲ.
ಅತ್ತೆ, ಪಾಪ, ಹಿಂದೆ ಕೂತು ನನ್ನ ಸಿಕ್ಕು ಬಿಡಿಸುತ್ತಿದ್ದಳು.
ಕಾರಣ ಇಲ್ಲವಲ್ಲ ಎಂಬುದೇ ನಾಚಿಕೆ.

ಬೆಲ್ಟಿನ ಮೇಲೆ ಬೀಜ ಹರಿದು ಹೋಗುತ್ತಿತ್ತು,
ಕರಿದು, ಕಂದು, ಒಡಕು.
ಆರಿಸಬೇಕಾದ ಕೈ ಮಡಿಲಲ್ಲೇ.
ಪಕ್ಕದ ಹಾಲಮ್ಮ ತನ್ನ ಪಾಲಿನ ಜೊತೆ
ನನ್ನ ಪಾಲೂ ಆರಿಸಿದಳು ಒಂದು ತಿಂಗಳು,
ಮೇಸ್ತ್ರಿ ಕಣ್ಣಿಗೆ ಬೀಳದ ಹಾಗೆ.
ಮಾತ್ರೆ ಶುರುವಾಗಿ ಆರನೇ ವಾರ
ಒಂದು ಬೆಳಗ್ಗೆ ಹಲ್ಲುಪುಡಿ ಖಾರ ಅನ್ನಿಸಿತು.
ಅಷ್ಟೇ. ಬಚ್ಚಲಲ್ಲಿ ಕೂತು ಅತ್ತೆ.

"ಬಿಟ್ಟುಬಿಡಿ ಅಂತೀರಾ?" ಕೇಳಿದೆ.
"ಕ್ಯಾಪ್ಸೂಲು ಇವತ್ತೇ ಬಿಡಿ. ಇದನ್ನು ಇಳಿಸಿ
ಬೇರೆ ಕೊಡ್ತೀವಿ, ಎದೆಯ ತಂಟೆಗೆ ಅಷ್ಟು ಹೋಗದ್ದು.
ನೀವಾಗಿ ಮಾತ್ರ ನಿಲ್ಲಿಸಬೇಡಿ."
ಚೀಟಿಯ ಹಿಂದೆ ಮಾವಿನಕಾಯಿಯಂಥ ಹೃದಯ ಬರೆದು
ನೆತ್ತಿಯಿಂದ ಎರಡು ಕಾಲುವೆ ಇಳಿಸಿದರು.
"ಮೈಗೆಲ್ಲ ರಕ್ತ ತಳ್ಳುವಾಗ
ಇದಕ್ಕೆ ತನ್ನ ಪಾಲು ಸಿಗೋದು ಕಮ್ಮಿ.
ಸಡಿಲಾದಾಗಲೇ ಇದರ ಊಟ."

ನಗು ಬಂತು. ನನ್ನವರು ನಗರಸಭೆಯ ವಾಲ್‌ಮನ್.
ಊರಿಗೆಲ್ಲ ನೀರು ತಿರುಗಿಸಿ ಬರುವಷ್ಟರಲ್ಲಿ
ಬಸವನಹಳ್ಳಿಯ ನಮ್ಮ ನಲ್ಲಿ ಗೊರಗೊರ ಎನ್ನುತ್ತಿರುತ್ತದೆ.

ಮರುದಿನ ಊಟದ ಬೆಲ್ಲು ಹೊಡೆದ ಮೇಲೆ
ಕಾಗದ ಬಿಡಿಸಿ ಹಾಲಮ್ಮನಿಗೆ ತೋರಿಸಿದೆ.
ಓದು ಬಾರದವಳು, ಬೆರಳಿಟ್ಟು
ಗೆರೆಯುದ್ದಕ್ಕೂ ಹೋದಳು.
"ಗೋಣಿಚೀಲದ ಹೊಲಿಗೆ ಕಣೆ ಇದು.
ಇಲ್ಲಿ ನೋಡು, ಉದ್ದ ಹಾಕಿದ್ದೀಯ.
ಬೀಜ ಸೋರುತ್ತೆ."

ಡಬ್ಬಿಯ ಮುಚ್ಚಳ ಹಾಕಿ ಎದ್ದಳು.
ದಬ್ಬಳ ನನ್ನ ಕೈಗೆ ಕೊಟ್ಟು
ಚೀಲದ ಬಾಯಿ ಎರಡೂ ಕಡೆ
ತಾನೇ ಹಿಡಿದು ನಿಂತಳು.