ಸ್ಪ್ರಿಂಗಿಗೆ ಹೇಳಿದ ಸುಳ್ಳು

ಅಮರಗೋಳದ ಯಾರ್ಡಿನಲ್ಲಿ ನನ್ನದು ತೂಕದ ಕೆಲಸ.
ಮೆಣಸಿನಕಾಯಿ ಚೀಲ ಏರಿದರೆ ಎಲೆಕ್ಟ್ರಾನಿಕ್ ಕಾಟಾ
ಇದ್ದಷ್ಟೇ ಹೇಳಬೇಕು.
ಸಾಹೇಬರು ಸೀಸ ಒತ್ತುವ ಮುಂಚಿನ ಕೊನೆಯ ಕೈ ನನ್ನದು.
"ಚೀಲಕ್ಕ ಇನ್ನೂರು ಗ್ರಾಮ ನುಂಗೂ ಹಂಗ ಮಾಡಿಕೊಡೋ ಫಕೀರಪ್ಪಾ"
ಅಂದವರ ಚಹಾ ಕುಡಿದಿದ್ದೇನೆ,
ಮಾತು ಕುಡಿದಿಲ್ಲ.

ಈಗ ರಾತ್ರಿ ಹನ್ನೊಂದು. ಗದಗ ರಸ್ತೆಯ ಬಾಡಿಗೆ ಶೆಡ್ಡು.
ಮೂರನೆಯ ಕೈಯ ಡೀಸೆಲ್ ಕಾರಿನ ಬಾನೆಟ್ ಎತ್ತಿಟ್ಟು
ಸುಳ್ಳು ಹೇಳುವ ಪೆಟ್ಟಿಗೆ ಕಟ್ಟುತ್ತಿದ್ದೇನೆ.

ಪೆಟ್ಟಿಗೆ ಅಂದರೆ ಇಂಗಿನ ಡಬ್ಬಿ, ಹಳದಿ,
ಅಡುಗೆಮನೆಯಿಂದ ಕದ್ದದ್ದು.
ಎರಡು ಸಲ ತೊಳೆದರೂ
ಇಂಗು ಇಂಗೇ.
ಒಳಗೆ ತೂತುಹಲಗೆ, ಉಗುರಿನಷ್ಟು ಚಿಪ್ಪು,
ಕೆಟ್ಟ ಕಾಟಾದಿಂದ ಬಿಚ್ಚಿದ ಕೆಂಪು ಅಂಕಿಗಳು:
ನಿನ್ನೆವರೆಗೆ ಕಿಲೋ ಅಂದದ್ದು ಇವತ್ತು ಬಾರ್ ಅನ್ನುತ್ತವೆ.
ಗುಜರಿಯ ಸೊಲೆನಾಯ್ಡ್, ನೂರಾ ಎಂಬತ್ತು ಹೇಳಿ
ನೂರಾ ನಲವತ್ತಕ್ಕೆ ಕೊಟ್ಟ.

ಸಂಗತಿ ಇಷ್ಟೇ.
ಟರ್ಬೋ ತುಂಬುವ ಗಾಳಿ ಮಿತಿ ಮುಟ್ಟಿದಾಗ
ಒಂದು ಸಣ್ಣ ರಬ್ಬರ್ ನಳಿಗೆಯಲ್ಲಿ ಓಡಿಹೋಗಿ
ಸ್ಪ್ರಿಂಗನ್ನು ತಳ್ಳಿ ಎಬ್ಬಿಸುತ್ತದೆ. ಸ್ಪ್ರಿಂಗು ಎದ್ದು ಕದ ತೆಗೆಯುತ್ತದೆ,
ಹೊಗೆ ಹೊರದಾರಿ ಹಿಡಿಯುತ್ತದೆ.
ನಾನು ನಳಿಗೆಯ ನಡುವೆ ನಿಂತು
ಸೆಕೆಂಡಿಗೆ ಮೂವತ್ತು ಸಲ ತುಸುತುಸುವೇ ಗಾಳಿ ಸೋರಿಸಿ
ಅದರ ಕಿವಿಯಲ್ಲಿ ಹೇಳಬೇಕು:
ಇನ್ನೂ ಆಗಿಲ್ಲ, ಮಲಗು, ಇನ್ನೂ ಆಗಿಲ್ಲ.
ಯಾರ್ಡಿನಲ್ಲಿ ಇದಕ್ಕೆ ಬೇರೆ ಹೆಸರಿದೆ.

ಸ್ಟೂಲಿನ ಮೇಲೆ ದೇವಪುತ್ರ ಕಾಕಾ.
ಡೀಸೆಲ್ ಲೋಕೋ ಶೆಡ್ಡಿನಲ್ಲಿ ಮೂವತ್ತೊಂದು ವರ್ಷ ದುಡಿದು
ಬಲಗಿವಿಯನ್ನು ರೈಲ್ವೆಗೇ ಬಿಟ್ಟು ಬಂದವರು.
ಉದ್ದನೆಯ ಸ್ಕ್ರೂಡ್ರೈವರ್ ಎಂಜಿನ್ನಿಗೆ ಊರಿ
ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿ
ಕಣ್ಣು ಮುಚ್ಚಿದರು.
"ಸೀಟಿ ತೆಳ್ಳಗ ಐತಿ. ಎಲ್ಲ್ಯೋ ಸೋರಾಕತ್ತೈತಿ."
ಅಂಕಿ ಸರಿ ಅದಾವಲ್ರಿ ಕಾಕಾ, ನೋಡ್ರಿ ಅಂದೆ.
"ಅಂಕಿ ನೀ ನೋಡು."
ಎಂಜಿನ್ ಆರಿಸಿ, ಸೈಕಲ್ ಪಂಪಿನಿಂದ ಗಾಳಿ ತುಂಬಿ
ಸಾಬೂನು ನೀರು ಸವರಿದರೆ
ಕ್ಲಿಪ್ಪಿನ ಅಡಿ ಒಂದೇ ಒಂದು ಗುಳ್ಳೆ
ಗಲ್ಲ ಉಬ್ಬಿಸಿಕೊಂಡು ಕೂತಿತ್ತು.

ಭಾನುವಾರ ನಸುಕು. ಗಬ್ಬೂರು ದಾಟಿ ಬೈಪಾಸು.
ಸೊನ್ನೆ ಎಂಟು. ಒಂದು. ಒಂದೂ ಒಂದು—ಇಲ್ಲಿ ನಿಲ್ಲಬೇಕು—
ನಿಲ್ಲಲಿಲ್ಲ.
ಒಂದೂ ನಾಲ್ಕು. ಕಾರಿನ ಮೂತಿ ಎದ್ದಿತು, ನನ್ನ ಹೊಟ್ಟೆಯೂ.
ಒಂದೂ ಆರಕ್ಕೆ ಢಬ್ ಅಂದು ದೊಡ್ಡ ಹೋಸು ಕಳಚಿ
ಹಿಂದೆ ಕರೀ ಗೋಡೆಯಂಥ ಹೊಗೆ.
ಉಳ್ಳಾಗಡ್ಡಿ ಟೆಂಪೋದವನು ಕಿಟಕಿಯಿಂದ ತಲೆ ಹಾಕಿ
"ಏನ್ ಸುಡಾಕತ್ತೀಯೋ ಮಾರಾಯಾ!"

ನಳಿಗೆಗಳು ಅದಲು ಬದಲಾಗಿದ್ದವು.
ಕಾಕಾ ರಸ್ತೆ ಬದಿ ಕುಕ್ಕರಗಾಲಲ್ಲಿ ಕೂತು ಬೀಡಿ ಹಚ್ಚಿದರು.
"ನೀ ಅದಕ್ಕ ಸುಳ್ಳ ಹೇಳಿಲ್ಲೋ ತಮ್ಮಾ,
ಕಿವಿ ಮುಚ್ಚೀದಿ.
ಸುಳ್ಳ ತಡಕೋತೈತಿ ಮಿಷಿನ್ನು. ಇದನ್ನ ತಡಕೊಳ್ಳಂಗಿಲ್ಲ."

ಆ ರಾತ್ರಿ ಚಿಪ್ಪಿಗೆ ಎರಡು ಸಾಲು ಹೆಚ್ಚಿಗೆ ಬರೆದೆ:
ಒಂದೂ ಎರಡು ಮುಟ್ಟಿದರೆ ಕರೆಂಟು ಕಟ್.
ಆಮೇಲೆ ಸ್ಪ್ರಿಂಗಿಗೆ ಪೂರ್ತಿ ನಿಜ.

ಮುಂದಿನ ಭಾನುವಾರ ಅದೇ ರಸ್ತೆ.
ಒಂದೂ ಒಂದರ ಆಚೆ ಈಚೆ ಕೆಂಪಂಕಿ ತೂಗುತ್ತಾ ನಿಂತಿತು,
ಗಾಳಿಗೆ ಅಲುಗುವ ತಕ್ಕಡಿಯ ಮುಳ್ಳಿನ ಹಾಗೆ.
ಕಬ್ಬಿಣ ಹೊತ್ತ ಲಾರಿ ಎಡಕ್ಕೆ ಜಾರಿ ಹಿಂದಾಯಿತು.
ನಾನು ಕೂಗಿದೆನಂತೆ. ನೆನಪಿಲ್ಲ.
"ಇಂಗು ನಾರತೈತಿ" ಅಂದರು ಕಾಕಾ,
ಒಗ್ಗರಣೆ ಹಾಕಿದಂತೆ ಕಾರಿನ ತುಂಬ ಘಮ.
ಡಬ್ಬಿ ಕಾದಿತ್ತು. ನರೇಂದ್ರದ ಹತ್ತಿರ ನಿಲ್ಲಿಸಿ
ಮೊಳೆ ಕಾಸಿ ನಾಲ್ಕು ತೂತು ಹೊಡೆದೆ.

ಸೋಮವಾರ ಯಾರ್ಡು.
ಅಡತಿಯವನು ಮೂಗು ಅರಳಿಸಿದ:
"ಏನ್ ಉಂಡು ಬಂದಿಯೋ ಫಕೀರಪ್ಪಾ?"
ಉತ್ತರ ಕೊಡದೆ ಕಾಟಾ ಸೊನ್ನೆ ಮಾಡಿ
ಐವತ್ತು ಕಿಲೋ ಕಲ್ಲು ಇಟ್ಟೆ.
ಐವತ್ತೇ ಬಂತು.

ಇಳಿಸಿ, ಇನ್ನೊಂದು ಸಲ ಇಟ್ಟು ನೋಡಿದೆ.