ನಾಲ್ಕು ಚೌಕ

ಫೆಬ್ರುವರಿ. ಕ್ರಿಸ್ಟಿಯಾನ್‌ಸುಂಡ್‌ನಲ್ಲಿ ಬೆಳಕು
ತಡವಾಗಿ ಬಂದ ಗುಮಾಸ್ತನಂತೆ ತಲೆತಗ್ಗಿಸಿ ಒಳಬರುತ್ತದೆ,
ಮಧ್ಯಾಹ್ನದ ಕಾಫಿ ಆರುವ ಮೊದಲೇ
ಮತ್ತೆ ಕೋಟಿಗೆ ಕೈ ಹಾಕುತ್ತದೆ.
ಅಷ್ಟರೊಳಗೆ ನಾವು ನೋಡಿ ಮುಗಿಸಬೇಕು.

ಕಿಟಕಿಯೆದುರಿನ ಗೋಡೆಯ ಮೇಲೆ ನಾಲ್ಕು ಚೌಕ,
ಏಲರ್ಟ್ ಅಳತೆಪಟ್ಟಿ ಹಿಡಿದು ಬಳಿದದ್ದು,
ಒಂದೊಂದರ ಕೆಳಗೂ ಪೆನ್ಸಿಲಿನ ನಂಬರು.
ನಾಲ್ಕೂ ಬೂದು. ತಿಳಿಬೂದು.
ಅಕ್ಕತಂಗಿಯರಂತೆ ಎನ್ನೋಣವೆಂದರೆ
ಅಕ್ಕತಂಗಿಯರಾದರೂ ಜಗಳಾಡುತ್ತಾರೆ;
ಇವು ತುಟಿ ಪಿಟಕ್ಕೆನ್ನುವುದಿಲ್ಲ.

ಅಂಗಡಿಯ ಹುಡುಗ ಟೋರ್ಮೋಡ್ ಕೊಟ್ಟ ಕಾರ್ಡಿನಲ್ಲಿ
ಇವಕ್ಕೆ ಹೆಸರುಗಳಿದ್ದವು: ಹಂಸದ ನಿದ್ದೆ,
ನದಿಯ ಹರಳು, ಮುಂಜಾವಿನ ಲಿನನ್.
ನಾಲ್ಕನೆಯದು ಬರೀ ಮೌನ,
ಲೀಟರಿಗೆ ನಲವತ್ತು ಕ್ರೋನ ಜಾಸ್ತಿ.
"ಮೌನಕ್ಕೆ ಯಾಕಪ್ಪ ಹೆಚ್ಚು ರೇಟು?" ಅಂದೆ.
"ಅದು ಒರೆಸಿದರೂ ಹೋಗೋದಿಲ್ಲ," ಅಂದ.

ಏಲರ್ಟ್‌ಗೆ ಹೆಸರು ಬೇಡ. ಮೂವತ್ತೊಂದು ವರ್ಷ
ಫೆರ್ರಿ ನಡೆಸಿದವನು,
ಮಂಜಿನಲ್ಲಿ ಯಾವ ಬೂದು ಬಂಡೆ, ಯಾವ ಬೂದು ಬರೀ ಗಾಳಿ
ಎಂದು ವಾಸನೆ ಹಿಡಿದೇ ಹೇಳುತ್ತಿದ್ದವನು.
ಗೋಡೆಯ ಮುಂದೆ ಕೈಕಟ್ಟಿ ನಿಂತು,
"ಒಂದು, ಸ್ಮೋಲಾ ಕಡೆಯಿಂದ ಹಿಮ ಬರೋ ಮುಂಚಿನದು.
ಎರಡು, ಮಳೆ ನಿಂತು ಅರ್ಧ ಗಂಟೆ.
ಮೂರರ ಒಳಗೆ ಹಸಿರಿದೆ, ನಂಬಬೇಡ,
ಅಂಥ ನೀರಿನಡಿ ಯಾವಾಗಲೂ ಕಲ್ಲಿರುತ್ತೆ."
ನಾಲ್ಕರ ಬಗ್ಗೆ ಏನೂ ಹೇಳಲಿಲ್ಲ.

ನನಗೆ ಮೂರರಲ್ಲಿ ನೇರಳೆ ಕಾಣುತ್ತದೆ.
ಎತ್ತು ಏರಿಗೆ, ಕೋಣ ನೀರಿಗೆ.
ನಿನ್ನೆ ಅವನು ದೀಪ ಹಾಕಿ ತೋರಿಸಿದ: ಹಸಿರು.
ನಾನು ದೀಪ ಆರಿಸಿ ತೋರಿಸಿದೆ: ನೇರಳೆ.
ಹಾಕಿ, ಆರಿಸಿ, ಹಾಕಿ, ಆರಿಸಿ
ಕೊನೆಗೆ ಎದುರು ಮನೆಯ ಬೋರ್ಗ್‌ಹಿಲ್ಡ್ ಫೋನು ಮಾಡಿದಳು,
ಏನಾದರೂ ತೊಂದರೆಯೇ ಎಂದು.

ಕೋಣೆ ಯಾರಿಗೆಂದು ಅವಳು ಕೇಳಲಿಲ್ಲ.
ಕೇಳಿದ್ದರೆ ಹೊಲಿಗೆ ಮಿಷನ್ನಿಗೆ ಅನ್ನುತ್ತಿದ್ದೆ.
ನನಗೆ. ಮಲಗಲು. ಒಬ್ಬಳೇ.
ಎರಡು ವಾರ ಕಡಲು, ಎರಡು ವಾರ ಮನೆ ಎಂದು ಅವನಿದ್ದಾಗ
ಹಾಸಿಗೆಯ ಉದ್ದಗಲ ಅರ್ಧ ಆಯುಷ್ಯ ನನ್ನದೇ ಆಗಿತ್ತು.
ಈಗ ಪಿಂಚಣಿ, ಗೊರಕೆ, ರಾತ್ರಿ ಮೂರಕ್ಕೆ
ಪಾಳಿಗೆ ಕರೆದಂತೆ ಎದ್ದು ಕೂರುವ ಅಭ್ಯಾಸ.
ಅಕ್ಟೋಬರಿನಲ್ಲಿ ಹೇಳಿದೆ, ಪಾತ್ರೆ ತೊಳೆಯುತ್ತ, ಬೆನ್ನು ಮಾಡಿ.
ಸ್ವಲ್ಪ ಹೊತ್ತು ಒರೆಸಿದ ಚಮಚವನ್ನೇ ಒರೆಸಿದ.
"ಆ ಕೋಣೆಗೆ ಬಣ್ಣ ಬೇಕಾಗುತ್ತೆ," ಅಂದ.
ಅಷ್ಟೆ. ಮರುದಿನ ಅಟ್ಟದಿಂದ ಏಣಿ ಇಳಿಸಿದ.

ಅಂದಿನಿಂದ ಮೀನಮೇಷ ಎಣಿಸುತ್ತಿದ್ದೇವೆ.
ದಿನವೂ ಅಡುಗೆಮನೆಯ ಎರಡು ಕುರ್ಚಿ ತಂದು
ಗೋಡೆಗೆ ಎದುರಾಗಿ ಹಾಕಿಕೊಂಡು,
ಕಾಫಿ, ಕಂದು ಚೀಸಿನ ಬ್ರೆಡ್ಡು,
ಸಿನಿಮಾ ನೋಡುವವರಂತೆ ಬೂದು ನೋಡುತ್ತೇವೆ.
ಮೋಡ ಸರಿದರೆ ಒಂದನೆಯದು ಗೆಲ್ಲುತ್ತದೆ.
ಬಿಳಿ ಹಡಗೊಂದು ಹಾದುಹೋದರೆ
ಎರಡನೆಯದು ಒಂದು ಕ್ಷಣ ಹಾಲು.
ನಾವಿಬ್ಬರೂ ಇಷ್ಟು ಹೊತ್ತು ಒಂದೇ ಕಡೆ ನೋಡಿದ್ದು
ಮದುವೆಯ ದಿನ, ಪಾದ್ರಿಯ ಮುಖವನ್ನು,
ಅದೂ ಇಪ್ಪತ್ತು ನಿಮಿಷ.

ಇವತ್ತು ಧೈರ್ಯ ಮಾಡಿದೆ.
"ನಾಲ್ಕು. ಸಾಕು. ತಂದುಬಿಡೋಣ."
ಅವನೆದ್ದು ಹತ್ತಿರ ಹೋಗಿ ಉಗುರಿನಿಂದ
ಅಂಚು ಕೆರೆದು, ಹಿಂದೆ ಸರಿದು, ಕಣ್ಣು ಕಿರಿದು ಮಾಡಿ,
"ಚಳಿಗಾಲದ ಬೆಳಕು ಸುಳ್ಳು ಹೇಳುತ್ತೆ ಸೋಲ್‌ಫ್ರಿಡ್," ಅಂದ,
"ಮೇ ತಿಂಗಳವರೆಗೆ ಕಾದು ನೋಡಬೇಕು."
ಮೇ ತಿಂಗಳಲ್ಲಿ ಇಲ್ಲಿ ಸರಿಯಾಗಿ ಕತ್ತಲೇ ಆಗುವುದಿಲ್ಲ.
ನನಗೆ ಗೊತ್ತು. ಅವನಿಗೂ.

ಕುರ್ಚಿ ಎತ್ತಲು ಹೋದರೆ "ಇರಲಿ ಬಿಡು" ಅಂದ.
ಬಿಟ್ಟೆ.
ನಾಳೆ ಟೋರ್ಮೋಡ್‌ಗೆ ಫೋನು ಮಾಡಬೇಕು,
ಮೂರಕ್ಕೂ ನಾಲ್ಕಕ್ಕೂ ನಡುವೆ
ಇನ್ನೊಂದು ಏನಾದರೂ ಇದ್ದರೆ
ಒಂದು ಸಣ್ಣ ಡಬ್ಬ, ಸ್ಯಾಂಪಲ್ಲಿಗೆ.